ಬೀಗ ಬಿದ್ದ ವೃತ್ತಿ ಕೊಠಡಿ: ಮೇಷ್ಟ್ರ ಸಂಬಳ ಯಾರು ಕೊಡಬೇಕಿತ್ತು?

ನಮ್ಮ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಹಿಂಬದಿಗೆ ಒಂದು ಕೊಠಡಿ ಇದೆ. ಬಾಗಿಲ ಮೇಲೆ ಬಣ್ಣ ಮಾಸಿದ ಅಕ್ಷರದಲ್ಲಿ ‘ವೃತ್ತಿ ಶಿಕ್ಷಣ’ ಎಂದು ಬರೆದಿದೆ. ಬೀಗ ಬಿದ್ದು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಶಾಲೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಿಟಕಿಯಿಂದ ಇಣುಕಿದೆವು. ನಾಲ್ಕು ಹೊಲಿಗೆ ಯಂತ್ರ, ಒಂದು ಬಡಗಿ ಮೇಜು, ಗೋಡೆಗೆ ಒರಗಿಸಿಟ್ಟ ಮಗ್ಗದ ಚೌಕಟ್ಟು. ಎಲ್ಲದರ ಮೇಲೂ ಬೆರಳು ದಪ್ಪ ಧೂಳು.

ಅದೇ ಶಾಲೆಯ ಮುಂಬದಿಗೆ ಇನ್ನೊಂದು ಕೊಠಡಿ ಇದೆ. ಅದು ಹೊಸದು. ಕಂಪ್ಯೂಟರುಗಳಿವೆ, ಗೋಡೆ ತುಂಬ ಬಣ್ಣದ ಚಾರ್ಟುಗಳಿವೆ. ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ಅಲ್ಲಿ ವೃತ್ತಿ ವಿಷಯದ ಪಾಠ ನಡೆಯುತ್ತದೆ. ಪಾಠ ಮಾಡುವ ಹುಡುಗ ನಮ್ಮ ವಯಸ್ಸಿನವನೇ. ಏಜೆನ್ಸಿ ಮೂಲಕ ಗುತ್ತಿಗೆಯಲ್ಲಿ ಬಂದಿದ್ದಾನೆ. ‘ಮೂರು ತಿಂಗಳ ಗೌರವಧನ ಬಾಕಿ ಇದೆ, ಬರುತ್ತೆ ಅಂತಿದ್ದಾರೆ’ ಎಂದು ನಕ್ಕ.

ಈ ಎರಡು ಕೊಠಡಿಗಳ ನಡುವೆ ಐವತ್ತು ಹೆಜ್ಜೆ ದೂರ. ಆದರೆ ಹಿಂದಿನದಕ್ಕೆ ಏಕೆ ಬೀಗ ಬಿತ್ತು ಎಂದು ತಿಳಿಯದೆ ಮುಂದಿನದರ ಬಗ್ಗೆ ಮಾತಾಡುವುದು ಹೇಗೆ? ಹುಡುಕುತ್ತ ಹೋದರೆ ಕಥೆ ನಮ್ಮ ತಾತಂದಿರ ಕಾಲಕ್ಕೂ ಹಿಂದೆ ಹೋಯಿತು.

ಎರಡು ದಾರಿ, ದುಡ್ಡು ಒಂದೇ ದಾರಿಗೆ

ಬ್ರಿಟಿಷರ ಕಾಲದಲ್ಲಿ, 1854ರ ವುಡ್ ಪತ್ರದ ನಂತರ, ಸರ್ಕಾರ ಖಾಸಗಿ ಶಾಲೆಗಳಿಗೂ ಅನುದಾನ ಕೊಡುವ ಪದ್ಧತಿ ಶುರುವಾಯಿತು. 1882ರಲ್ಲಿ ಹಂಟರ್ ಆಯೋಗ ಬಂತು. ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಎರಡು ದಾರಿ ಇರಲಿ ಎಂದು ಅದು ಹೇಳಿತು. ಒಂದು ಕಾಲೇಜಿಗೆ ಹೋಗುವ ದಾರಿ. ಇನ್ನೊಂದು ವ್ಯಾಪಾರ, ಕಸುಬು, ಕೈಕೆಲಸಕ್ಕೆ ತಯಾರು ಮಾಡುವ ದಾರಿ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಮಕ್ಕಳು ಎರಡನೇ ದಾರಿ ತುಳಿಯಲಿಲ್ಲ. ಕಾರಣ ಸರಳ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಬೇಕಾದರೆ ಕೇಳುತ್ತಿದ್ದುದು ಮೆಟ್ರಿಕ್. ಶಾಲೆಯ ಹೆಸರು ನಿಂತಿದ್ದುದೂ ಮೆಟ್ರಿಕ್ ಫಲಿತಾಂಶದ ಮೇಲೆ. ಹೀಗಿರುವಾಗ ಮಗನನ್ನು ಕಸುಬಿನ ತರಗತಿಗೆ ಕಳಿಸಲು ಯಾವ ಅಪ್ಪ ಒಪ್ಪುತ್ತಾನೆ? ಕೈಕೆಲಸ ಕೀಳು ಎಂದು ಜನ ತಿಳಿದಿದ್ದರು, ಅದಕ್ಕೇ ಹೋಗಲಿಲ್ಲ ಎಂದು ಹೇಳುವವರಿದ್ದಾರೆ. ಜಾತಿಯ ಮನಸ್ಸು ಇತ್ತು, ನಿಜ. ಆದರೆ ನೌಕರಿ, ಅನುದಾನ, ಮರ್ಯಾದೆ ಮೂರೂ ಒಂದೇ ಕಡೆ ಇದ್ದಾಗ ಜನ ಆ ಕಡೆಗೇ ನಡೆದರು ಎನ್ನುವುದೂ ಅಷ್ಟೇ ನಿಜ.

ಮೈಸೂರು ಸಂಸ್ಥಾನದ ಪ್ರಯತ್ನ

ಮೈಸೂರು ಸಂಸ್ಥಾನ ಇದರಲ್ಲಿ ಸ್ವಲ್ಪ ಬೇರೆ ಹಾದಿ ಹಿಡಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಬೆಂಗಳೂರಿನ ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಶುರುವಾಯಿತು. ಇವತ್ತಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಬೆಳೆದದ್ದೂ ಅದೇ ಕಾಲದಲ್ಲಿ. ಮರಗೆಲಸ, ಕೆತ್ತನೆ, ಲೋಹದ ಕೆಲಸ ಕಲಿಸುವ ಆ ಸಂಸ್ಥೆಯನ್ನು ಮೈಸೂರಿನ ಹಳಬರು ಇವತ್ತಿಗೂ ಸಿ.ಟಿ.ಐ. ಎಂದೇ ಕರೆಯುತ್ತಾರೆ.

ಇವೆಲ್ಲ ಸಂಸ್ಥಾನದ ಬೊಕ್ಕಸದಿಂದ ನಡೆದವು. ಮೇಷ್ಟ್ರುಗಳು ಸರ್ಕಾರದ ನೌಕರರೇ. ಆದ್ದರಿಂದ ಆ ಸಂಸ್ಥೆಗಳು ಉಳಿದವು, ಬೆಳೆದವು. ಆದರೆ ಒಂದು ಮಿತಿ ಇತ್ತು. ಇವು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿದ್ದ ಪ್ರತ್ಯೇಕ ಸಂಸ್ಥೆಗಳು. ಹಳ್ಳಿಯ ಮಗು ಓದುವ ಮಾಮೂಲಿ ಶಾಲೆಯೊಳಗೆ ಕಸುಬು ಬರಲಿಲ್ಲ.

ಅಮೆರಿಕದವರು ಸಂಬಳಕ್ಕೆ ದುಡ್ಡು ಕೊಟ್ಟರು

ಮಾಮೂಲಿ ಶಾಲೆಯೊಳಗೇ ಕಸುಬು ತರಲು ಸರ್ಕಾರದ ದುಡ್ಡನ್ನು ಹೇಗೆ ಹಂಚಬೇಕು? ಇದೇ ಪ್ರಶ್ನೆ ಆ ಕಾಲದಲ್ಲಿ ಅಮೆರಿಕದ ಮುಂದೆಯೂ ಇತ್ತು. ಅವರು ಕಂಡುಕೊಂಡ ಉತ್ತರವನ್ನು ನಾವು ಒಮ್ಮೆ ನೋಡಬೇಕು. ನಮ್ಮ ಬೀಗ ಬಿದ್ದ ಕೊಠಡಿಯ ಗುಟ್ಟು ಅಲ್ಲಿ ಸಿಗುತ್ತದೆ.

1917ರ ಫೆಬ್ರವರಿಯಲ್ಲಿ ಅಲ್ಲಿನ ಅಧ್ಯಕ್ಷ ವುಡ್ರೋ ವಿಲ್ಸನ್ ಒಂದು ಕಾನೂನಿಗೆ ಸಹಿ ಹಾಕಿದರು. ಅದನ್ನು ತಂದ ಇಬ್ಬರು ಜಾರ್ಜಿಯಾ ರಾಜ್ಯದವರು, ಹೋಕ್ ಸ್ಮಿತ್ ಮತ್ತು ಡಡ್ಲಿ ಹ್ಯೂಸ್. ಅದಕ್ಕೇ ಸ್ಮಿತ್-ಹ್ಯೂಸ್ ಕಾಯ್ದೆ ಎಂದು ಹೆಸರು. ಸರ್ಕಾರಿ ಹೈಸ್ಕೂಲುಗಳಲ್ಲಿ ಕೃಷಿ, ಕೈಗಾರಿಕಾ ಕಸುಬು, ಗೃಹವಿಜ್ಞಾನ ಕಲಿಸಲು ಕೇಂದ್ರ ಸರ್ಕಾರ ವರ್ಷವರ್ಷವೂ ದುಡ್ಡು ಕೊಡಬೇಕು ಎಂದು ಅದು ಹೇಳಿತು. ಪೂರ್ಣ ಪ್ರಮಾಣಕ್ಕೆ ಬಂದಾಗ ಅದು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್.

ಗಮನಿಸಬೇಕಾದ್ದು ಷರತ್ತುಗಳನ್ನು. ಕೇಂದ್ರದ ದುಡ್ಡು ಮೇಷ್ಟ್ರ ಸಂಬಳಕ್ಕೆ ಮತ್ತು ಮೇಷ್ಟ್ರನ್ನು ತಯಾರು ಮಾಡುವುದಕ್ಕೆ ಮಾತ್ರ. ಕಟ್ಟಡ ಕಟ್ಟಲು, ಯಂತ್ರ ಕೊಳ್ಳಲು, ಜಾಗ ಖರೀದಿಸಲು ಅದರಲ್ಲಿ ಒಂದು ಕಾಸನ್ನೂ ಬಳಸುವಂತಿಲ್ಲ. ಅವನ್ನು ರಾಜ್ಯ ಮತ್ತು ಊರಿನವರೇ ನೋಡಿಕೊಳ್ಳಬೇಕು. ಕೇಂದ್ರ ಒಂದು ಡಾಲರ್ ಕೊಟ್ಟರೆ ಕೆಳಗಿನವರೂ ಒಂದು ಡಾಲರ್ ಹಾಕಬೇಕು. ಇನ್ನು ಕೃಷಿ ಕಲಿಯುವ ಮಗು ವರ್ಷದಲ್ಲಿ ಕನಿಷ್ಠ ಆರು ತಿಂಗಳು ಹೊಲದಲ್ಲಿ ಮೇಷ್ಟ್ರ ಕಣ್ಣಿನ ಕೆಳಗೆ ಕೆಲಸ ಮಾಡಲೇಬೇಕು. ಅದು ಅಪ್ಪನ ಹೊಲವಾದರೂ ಸರಿ.

ಕಟ್ಟಡಕ್ಕೆ ದುಡ್ಡು ಹೊಂದಿಸುವುದು ಸುಲಭ, ಉದ್ಘಾಟನೆಯ ಫೋಟೋ ಕೂಡ ಬರುತ್ತದೆ. ಸಂಬಳವನ್ನು ತಿಂಗಳು ತಿಂಗಳು, ವರ್ಷ ವರ್ಷ ಕೊಡುತ್ತಲೇ ಇರಬೇಕು. ಆ ಕಾನೂನು ಕಷ್ಟದ ಹೊರೆಯನ್ನು ಕೇಂದ್ರದ ಹೆಗಲಿಗೂ ಹಾಕಿತು. ಕಾನೂನುಗಳು ಬದಲಾದರೂ ಆ ಕೇಂದ್ರ ನೆರವು ಅಲ್ಲಿ ನಿಂತಿಲ್ಲ. 1984ರಿಂದ ಅದು ಕಾರ್ಲ್ ಪರ್ಕಿನ್ಸ್ ಎಂಬ ಸಂಸದರ ಹೆಸರಿನ ಕಾಯ್ದೆಯಡಿ ನಡೆಯುತ್ತಿದೆ. ಈಗ ವರ್ಷಕ್ಕೆ 100 ಕೋಟಿ ಡಾಲರಿಗೂ ಹೆಚ್ಚು.

ಹಾಗೆಂದು ಅಲ್ಲಿ ಎಲ್ಲ ಸರಿಯಿತ್ತು ಎಂದಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಬೇರೆಯೇ ಶಾಲೆ. ಅವುಗಳಿಗೆ ಈ ದುಡ್ಡಿನಲ್ಲಿ ನ್ಯಾಯವಾದ ಪಾಲು ಸಿಗಲಿಲ್ಲ. ಬಡವರ ಮಕ್ಕಳನ್ನು ಕಸುಬಿನ ಕಡೆಗೆ ದೂಡಿ ಕಾಲೇಜಿನ ಬಾಗಿಲು ಮುಚ್ಚುತ್ತಿದ್ದೀರಿ ಎಂದು ಜಾನ್ ಡ್ಯೂಯಿಯಂಥ ಶಿಕ್ಷಣ ತಜ್ಞರು ಮೊದಲಿನಿಂದಲೇ ಎಚ್ಚರಿಸಿದ್ದರು. ಈ ಅನುಮಾನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದು ನಮ್ಮಲ್ಲೂ ಬರುತ್ತದೆ.

ಹೆಂಡದ ದುಡ್ಡು ಮತ್ತು ತಕಲಿ

1937ರಲ್ಲಿ ನಮ್ಮ ದೇಶದ ಹಲವು ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದವು. ಪಾನನಿಷೇಧ ಜಾರಿ ಮಾಡಬೇಕು ಎನ್ನುವುದು ಗಾಂಧೀಜಿಯ ಹಟ. ಆದರೆ ಪ್ರಾಂತ್ಯಗಳ ಬೊಕ್ಕಸಕ್ಕೆ ದೊಡ್ಡ ಆದಾಯ ಬರುತ್ತಿದ್ದುದೇ ಹೆಂಡ, ಸಾರಾಯಿಯ ಅಬಕಾರಿ ಸುಂಕದಿಂದ. ಶಾಲೆಗಳು ನಡೆಯುತ್ತಿದ್ದುದೂ ಆ ದುಡ್ಡಿನಲ್ಲೇ. ಹೆಂಡದಂಗಡಿ ಮುಚ್ಚಿದರೆ ಶಾಲೆಯೂ ಮುಚ್ಚಬೇಕು ಎನ್ನುವ ಸ್ಥಿತಿ. ಅಪ್ಪ ಕುಡಿದರೆ ಮಗ ಓದುತ್ತಾನೆ ಎನ್ನುವ ಈ ಲೆಕ್ಕ ಗಾಂಧೀಜಿಯವರನ್ನು ಬಹಳ ನೋಯಿಸಿತು.

ಅದಕ್ಕೆ ಅವರು ಕೊಟ್ಟ ಉತ್ತರ, ಶಾಲೆ ತನ್ನ ಖರ್ಚನ್ನು ತಾನೇ ದುಡಿಯಲಿ. ಏಳು ವರ್ಷದ ಉಚಿತ ಶಿಕ್ಷಣ, ತಾಯಿನುಡಿಯಲ್ಲಿ, ಒಂದು ಕಸುಬಿನ ಸುತ್ತ. ಮಕ್ಕಳು ನೂಲುತ್ತ, ನೇಯುತ್ತ ಲೆಕ್ಕ, ವಿಜ್ಞಾನ, ಚರಿತ್ರೆ ಕಲಿಯಬೇಕು. ಅವರು ಮಾಡಿದ್ದನ್ನು ಸರ್ಕಾರ ಕೊಳ್ಳಬೇಕು. ಆ ದುಡ್ಡಿನಲ್ಲಿ ಮೇಷ್ಟ್ರ ಸಂಬಳ ಹುಟ್ಟಬೇಕು. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಮುಂದೆ ರಾಷ್ಟ್ರಪತಿಯಾದ ಜಾಕಿರ್ ಹುಸೇನರ ಸಮಿತಿ ಪಠ್ಯಕ್ರಮ ಮಾಡಿತು. ಇದೇ ಮೂಲ ಶಿಕ್ಷಣ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದದ್ದನ್ನು ಹೇಳಿದ್ದರೆ, ಅದರ ಬೇರು ಇಲ್ಲಿದೆ.

ಕೈಗೂ ತಲೆಗೂ ಒಟ್ಟಿಗೆ ಪಾಠ ಎನ್ನುವ ವಿಚಾರ ದೊಡ್ಡದು. ಆದರೆ ಮೇಷ್ಟ್ರ ಸಂಬಳ ಮಕ್ಕಳ ನೂಲಿನಿಂದ ಬರಬೇಕು ಎಂದಾಗ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಅಂಥವರು ಆಕ್ಷೇಪ ಎತ್ತಿದರು. ಮಕ್ಕಳು ಕಲಿಯುವವರಾಗಿ ಉಳಿಯುವುದಿಲ್ಲ, ದುಡಿಯುವ ಆಳುಗಳಾಗುತ್ತಾರೆ ಎಂಬುದು ಅವರ ಭಯ. ಕೊನೆಗೆ ಆದದ್ದು ಎರಡೂ ಅಲ್ಲ. ಮಕ್ಕಳ ನೂಲಿನಿಂದ ಸಂಬಳ ಹುಟ್ಟಲಿಲ್ಲ, ಸರ್ಕಾರವೂ ಕಸುಬಿಗೆಂದು ಸಾಕಷ್ಟು ದುಡ್ಡು ತೆಗೆದಿಡಲಿಲ್ಲ. ತಕಲಿ ವಾರಕ್ಕೊಂದು ಪೀರಿಯಡ್‌ಗೆ ಇಳಿಯಿತು.

ಮದರಾಸಿನ ಅರ್ಧ ದಿನದ ಶಾಲೆ

1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿ ಮುಖ್ಯಮಂತ್ರಿ. ಆಗ ನಮ್ಮ ಮಂಗಳೂರು, ಉಡುಪಿ, ಕುಂದಾಪುರ ಕೂಡ ಅದೇ ರಾಜ್ಯದಲ್ಲಿದ್ದವು. 1956ರ ನವೆಂಬರ್‌ನಲ್ಲಷ್ಟೇ ಅವು ಮೈಸೂರು ರಾಜ್ಯಕ್ಕೆ ಬಂದದ್ದು.

ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣ ಕೊಡಿ ಎಂದು ಸಂವಿಧಾನ ಹೇಳಿತ್ತು. ಅಷ್ಟು ಶಾಲೆಗೆ, ಅಷ್ಟು ಮೇಷ್ಟ್ರಿಗೆ ದುಡ್ಡಿರಲಿಲ್ಲ. ರಾಜಾಜಿ ಒಂದು ಉಪಾಯ ತಂದರು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ದಿನಕ್ಕೆ ಮೂರು ಗಂಟೆ ಮಾತ್ರ. ಒಂದು ತಂಡ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ. ಅದೇ ಕಟ್ಟಡ, ಅದೇ ಮೇಷ್ಟ್ರು, ಮಕ್ಕಳು ಇಮ್ಮಡಿ. ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲಿ ಅಪ್ಪನ ಕಸುಬು ಕಲಿಯಲಿ.

ಕುಂಬಾರನ ಮಗ ಮಡಕೆ, ಅಗಸನ ಮಗ ಬಟ್ಟೆ, ಜಾಡಮಾಲಿಯ ಮಗ? ಜನ ಈ ಪ್ರಶ್ನೆ ಕೇಳಿದರು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು ‘ಕುಲ ಕಲ್ವಿ ತಿಟ್ಟಂ’, ಅಂದರೆ ಕುಲಕಸುಬಿನ ಶಿಕ್ಷಣ ಯೋಜನೆ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಯೋಜನೆಯನ್ನೇ ಕೈಬಿಟ್ಟರು.

ರಾಜಾಜಿಯ ಮನಸ್ಸಿನಲ್ಲಿ ಏನಿತ್ತು ಎನ್ನುವ ವಾದ ಇವತ್ತಿಗೂ ನಡೆಯುತ್ತದೆ. ಆದರೆ ಸರ್ಕಾರ ದುಡ್ಡು ಉಳಿಸಲು ಕಸುಬಿನ ಮಾತಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಇದು ಪಾಠ. ಮಗುವಿಗೆ ಹೊಸ ಕಸುಬು ಕಲಿಸಬೇಕಾದರೆ ಖರ್ಚಿದೆ. ಖರ್ಚಿಲ್ಲದೆ ಕಲಿಸಬಹುದಾದ ಕಸುಬೆಂದರೆ ಅಪ್ಪನ ಕಸುಬೊಂದೇ. ಆಗ ಶಾಲೆ ಮಗುವನ್ನು ಹುಟ್ಟಿದ ಕೇರಿಯಲ್ಲೇ ಕೂರಿಸಿದ ಹಾಗಾಗುತ್ತದೆ.

ಜೆಓಸಿ ಎಂಬ ನಮ್ಮದೇ ಕಥೆ

1964ರಿಂದ 66ರವರೆಗೆ ಕೊಠಾರಿ ಆಯೋಗ ಕೆಲಸ ಮಾಡಿತು. ಎಲ್ಲ ಮಕ್ಕಳಿಗೂ ಕಾರ್ಯಾನುಭವ ಇರಲಿ, ಪ್ರೌಢ ಹಂತದಲ್ಲಿ ವೃತ್ತಿ ಶಿಕ್ಷಣ ಬೆಳೆಯಲಿ, ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದಿತು. ಕಾರ್ಯಾನುಭವ ನಮ್ಮ ಶಾಲೆಗಳ ವೇಳಾಪಟ್ಟಿಗೆ ಬಂತು. ಶೇ. 6 ಇವತ್ತಿಗೂ ಬಂದಿಲ್ಲ.

ನಮ್ಮ ರಾಜ್ಯ 1977-78ರಲ್ಲಿ ಪಿಯು ಹಂತದಲ್ಲಿ ವೃತ್ತಿ ಶಿಕ್ಷಣ ಶುರು ಮಾಡಿತು. ದೇಶದಲ್ಲಿ ಮೊದಲು ಹೆಜ್ಜೆ ಇಟ್ಟ ರಾಜ್ಯಗಳಲ್ಲಿ ನಮ್ಮದೂ ಒಂದು. ಅದೇ ಜೆಓಸಿ. ರೇಷ್ಮೆ, ತೋಟಗಾರಿಕೆ, ವಿದ್ಯುತ್ ಕೆಲಸ, ಹೊಲಿಗೆ, ಲೆಕ್ಕಪತ್ರ ಹೀಗೆ ಹಲವು ಕೋರ್ಸುಗಳು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಹುಡುಗ ಎರಡು ವರ್ಷದಲ್ಲಿ ಒಂದು ಕೆಲಸ ಕಲಿತು ಹೊರಬರಲಿ ಎನ್ನುವುದು ಉದ್ದೇಶ. ನಮ್ಮ ತಾಲ್ಲೂಕಿನಲ್ಲೇ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡು ಮನೆ ಕಟ್ಟಿದ ಜೆಓಸಿ ಹುಡುಗರಿದ್ದಾರೆ. ಕಲಿತದ್ದು ವ್ಯರ್ಥವಾಯಿತು ಎಂದು ಅವರು ಹೇಳುವುದಿಲ್ಲ.

ಆದರೆ ಎರಡು ಕಡೆ ಅದು ಸೋರುತ್ತಿತ್ತು. ಮೊದಲನೆಯದು ಮೇಷ್ಟ್ರು. ಕಲಿಸುತ್ತಿದ್ದವರಲ್ಲಿ ಬಹಳಷ್ಟು ಮಂದಿ ಅರೆಕಾಲಿಕರು. ಇಪ್ಪತ್ತು ವರ್ಷ ಕಲಿಸಿದರೂ ಅರೆಕಾಲಿಕರೇ. ಎರಡನೆಯದು ಸರ್ಟಿಫಿಕೇಟು. ಜೆಓಸಿ ಎಂದರೆ ಪಿಯುಸಿಗೆ ಸಮವೇ ಎನ್ನುವ ಪ್ರಶ್ನೆ ನೇಮಕಾತಿ ಬಂದಾಗಲೆಲ್ಲ ಏಳುತ್ತಿತ್ತು. ಒಂದು ಅರ್ಜಿ ಹಾಕಲು ಹುಡುಗರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಹಂಟರ್ ಆಯೋಗದ ಕಾಲದಲ್ಲಿ ಮೆಟ್ರಿಕ್ಕಿನ ಮುಂದೆ ಕಸುಬಿನ ತರಗತಿ ಸೋತ ಹಾಗೆಯೇ ಇದೂ.

ಕೊನೆಗೆ 2011ರಲ್ಲಿ ರಾಜ್ಯ ಒಂದು ವಿಶೇಷ ಕಾನೂನು ಮಾಡಿತು. ಜೆಓಸಿಯ ಅರೆಕಾಲಿಕ ನೌಕರರನ್ನು ಇತರ ಇಲಾಖೆಗಳಲ್ಲಿ ವಿಲೀನ ಮಾಡಿಕೊಳ್ಳುವ ಕಾನೂನು. ಅವರ ಮನೆಗಳಲ್ಲಿ ಅಂದು ಹಬ್ಬ. ಅಷ್ಟು ವರ್ಷದ ಹೋರಾಟಕ್ಕೆ ಅದು ನ್ಯಾಯ. ಆದರೆ ಕಾನೂನಿನ ಹೆಸರಿನಲ್ಲೇ ಇದ್ದ ‘ಇತರ ಇಲಾಖೆಗಳು’ ಎನ್ನುವ ಮಾತನ್ನು ನೋಡಿ. ಕಸುಬು ಕಲಿಸುತ್ತಿದ್ದ ಮೇಷ್ಟ್ರಿಗೆ ಭದ್ರ ಸಂಬಳ ಸಿಗಬೇಕಾದರೆ ಕಲಿಸುವ ಕೆಲಸವನ್ನೇ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಜೆಓಸಿ ಅಲ್ಲಿಗೆ ಮುಗಿಯಿತು.

ಗುರಿ ಮೇಲೆ ಗುರಿ

ದೇಶದ ಮಟ್ಟದ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1986ರ ಶಿಕ್ಷಣ ನೀತಿ, 1990ರ ಹೊತ್ತಿಗೆ ಪಿಯು ಹಂತದ ಶೇ. 10 ಮಕ್ಕಳು ವೃತ್ತಿ ಶಿಕ್ಷಣದಲ್ಲಿರಬೇಕು, 1995ಕ್ಕೆ ಶೇ. 25 ಎಂದಿತು. 1988ರಲ್ಲಿ ಕೇಂದ್ರದ ಯೋಜನೆ ಬಂತು. ಗುರಿ ಮುಟ್ಟಲಿಲ್ಲ. 1992ರಲ್ಲಿ ಅದೇ ಗುರಿಗಳನ್ನು ಐದೈದು ವರ್ಷ ಮುಂದಕ್ಕೆ ಹಾಕಿದರು. ಆಗಲೂ ಮುಟ್ಟಲಿಲ್ಲ. 2020ರ ಹೊಸ ನೀತಿ ಸ್ವತಃ ಒಪ್ಪಿಕೊಂಡಿದೆ: ಹನ್ನೆರಡನೇ ಯೋಜನೆಯ ಅಂದಾಜಿನಂತೆ 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇ. 5ಕ್ಕೂ ಕಡಿಮೆ. ಅದೇ ನೀತಿ ಜರ್ಮನಿಯ ಲೆಕ್ಕ ಶೇ. 75, ದಕ್ಷಿಣ ಕೊರಿಯಾದ್ದು ಶೇ. 96 ಎನ್ನುತ್ತದೆ. ಹಾಗೆ ಹೇಳಿ, 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಎಂದು ಮತ್ತೊಂದು ಗುರಿ ಇಟ್ಟಿತು.

ಈಗ ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವುದು ಎನ್‌ಎಸ್‌ಕ್ಯೂಎಫ್. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಕೌಶಲ ಚೌಕಟ್ಟಿನ ಹೆಸರು ಅದು. ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದ ವಿಷಯಗಳಿವೆ. ಹತ್ತನೇ ತರಗತಿ ಪರೀಕ್ಷೆಯಲ್ಲಿ ತೃತೀಯ ಭಾಷೆಯ ಬದಲಿಗೆ ಇದನ್ನು ತೆಗೆದುಕೊಳ್ಳಬಹುದು. ದುಡ್ಡು ಸಮಗ್ರ ಶಿಕ್ಷಣ ಯೋಜನೆಯಡಿ ಬರುತ್ತದೆ: ಕೇಂದ್ರ ಶೇ. 60, ರಾಜ್ಯ ಶೇ. 40.

ಜೆಓಸಿಗಿಂತ ಇದರಲ್ಲಿ ಒಂದು ಒಳ್ಳೆಯದಿದೆ. ಮಗು ಮಾಮೂಲಿ ಎಸ್ಸೆಸ್ಸೆಲ್ಸಿಯನ್ನೇ ಬರೆಯುತ್ತದೆ, ಪಿಯುಸಿ ಬಾಗಿಲು ಮುಚ್ಚುವುದಿಲ್ಲ. ಸರ್ಟಿಫಿಕೇಟಿನ ಸೋರಿಕೆಯನ್ನು ಸ್ವಲ್ಪ ಮಟ್ಟಿಗೆ ಮುಚ್ಚಿದ್ದಾರೆ. ಮೇಷ್ಟ್ರ ಸೋರಿಕೆ ಮಾತ್ರ ಹಾಗೆಯೇ ಇದೆ. ಯೋಜನೆಗೆ ಪ್ರತಿ ವರ್ಷ ಮಂಜೂರಾತಿ ಬೇಕು. ಮೇಲಿನ ಪಾಲು ತಡವಾದರೆ ಕೆಳಗಿನ ಪಾಲೂ ತಡ. ನಡುವೆ ಏಜೆನ್ಸಿ. ಸಂಬಳ ಬಾಕಿ ಉಳಿದ ಹುಡುಗ ಬೇರೆ ಕೆಲಸ ಸಿಕ್ಕಿದ ದಿನ ಹೊರಡುತ್ತಾನೆ, ಅವನ ತಪ್ಪೇನೂ ಇಲ್ಲ. ಆಮೇಲೆ ಕಂಪ್ಯೂಟರು ಉಳಿಯುತ್ತದೆ, ಕಲಿಸುವವರು ಇರುವುದಿಲ್ಲ. ಹಿಂಬದಿಯ ಕೊಠಡಿಯ ಹೊಲಿಗೆ ಯಂತ್ರದ ಕಥೆಯೂ ಹೀಗೇ ಶುರುವಾಗಿರಬೇಕು.

ಊರಿನವರು ಕೇಳಬೇಕಾದ್ದು

ಇಷ್ಟು ಓದಿದ ಮೇಲೆ ನಮಗೆ ಅನ್ನಿಸಿದ್ದು ಇದು. ವೃತ್ತಿ ಶಿಕ್ಷಣ ಬೇಕು ಎಂದು ಸರ್ಕಾರಗಳು ಹೇಳುತ್ತ ನೂರು ವರ್ಷ ದಾಟಿದೆ. ಒಂದು ಸಲ ಕೊಡುವ ದುಡ್ಡು ಹೇಗೋ ಬಂದಿದೆ. ತಿಂಗಳು ತಿಂಗಳು ಕೊಡಬೇಕಾದ ದುಡ್ಡೇ ಪ್ರತಿ ಸಲ ಕೈಕೊಟ್ಟಿದೆ.

ನಿಮ್ಮ ಊರಿನ ಪ್ರೌಢಶಾಲೆಯಲ್ಲಿ ವೃತ್ತಿ ವಿಷಯ ಇದ್ದರೆ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೂರು ಮಾತು ಕೇಳಿ. ಕಲಿಸುವವರಿಗೆ ಈ ತಿಂಗಳ ಸಂಬಳ ಬಂತೇ, ಇಲ್ಲವಾದರೆ ಎಷ್ಟು ತಿಂಗಳಿಂದ ಇಲ್ಲ? ಈ ವಿಷಯ ತೆಗೆದುಕೊಂಡ ಮಗುವಿಗೆ ಮುಂದೆ ಪಿಯುಸಿ, ಐಟಿಐ, ಡಿಪ್ಲೊಮಾ ಯಾವುದಕ್ಕೆ ದಾರಿ ಇದೆ? ಮತ್ತೆ, ಈ ವಿಷಯಕ್ಕೆ ಯಾರ ಮಕ್ಕಳನ್ನು ಸೇರಿಸುತ್ತಿದ್ದಾರೆ, ಎಲ್ಲರನ್ನೋ ಅಥವಾ ‘ಓದಿನಲ್ಲಿ ಹಿಂದೆ’ ಎಂದು ಹೆಸರಿಟ್ಟ ಕೇರಿಯ ಮಕ್ಕಳನ್ನು ಮಾತ್ರವೋ?

ಮೂರಕ್ಕೂ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿ ಮಾತಿಗಿಂತ ಬರಹಕ್ಕೆ ಮೇಲಿನವರು ಹೆಚ್ಚು ಬೆಲೆ ಕೊಡುತ್ತಾರೆ.

ಆ ಶಾಲೆಯಿಂದ ಹೊರಡುವಾಗ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದೆವು. ಮುಖ್ಯ ಶಿಕ್ಷಕಿ ಬೀರು ತೆಗೆದು ಕೈಗಳ ಒಂದು ಗೊಂಚಲನ್ನೇ ಮೇಜಿನ ಮೇಲೆ ಇಟ್ಟರು. ಹನ್ನೆರಡು ಕೈ ಹಾಕಿ ನೋಡಿದೆವು, ಯಾವುದೂ ಹೊಂದಲಿಲ್ಲ. ‘ಬೀಗ ಒಡೆಸಿಬಿಡ್ತೀನಿ ಬಿಡಿ, ಆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ರೆ ನಡೆಯುತ್ತೆ’ ಎಂದರು ಮೇಡಂ. ಆಮೇಲೆ ಸ್ವಲ್ಪ ತಡೆದು ಕೇಳಿದರು, ‘ಕಲಿಸೋಕೆ ಯಾರನ್ನ ಕರೀಲಿ?’